ದೊಡ್ಡ ಮನೆಯ ಬಾಗಿಲು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದರು. ಈ ಎರಡು ಕಾರ್ಯಗಳ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಆದರೆ ಕಟ್ಟಿದವನು ಕಾಲವಾದ ಮೇಲೆ, ಅವನ ಸಂಪತ್ತು ಕರಗಿದ ಮೇಲೆ, ಮಕ್ಕಳು ಮೊಮ್ಮಕ್ಕಳು ಬೇರೆ ಬೇರೆ ಊರುಗಳಿಗೆ ಚದುರಿದ ಮೇಲೆ ಆ ಮನೆ ಏನಾಗಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಆ ಪ್ರಶ್ನೆಯನ್ನು ಅದು ನಮಗೆ ಬಿಟ್ಟುಬಿಟ್ಟಿದೆ. ಈ ಸಲದ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ವಿದ್ಯಾರ್ಥಿಮಿತ್ರರು ಕೇಳಿದಾಗ ನಾವು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡೆವು. ಅದಕ್ಕೆ ಕಾರಣನಾದವನು ಎಂಟನೆಯ ಇಯತ್ತೆಯ ಒಬ್ಬ ಹುಡುಗ.

ಒಂದು ದಿನ ಪಾಠದ ನಡುವೆ ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಮಾತು ಬಂದಿತು. ಬ್ರಿಟಿಷರ ಕಾಲದ ಒಂದು ದೊಡ್ಡ ಬಂಗಲೆ ಹೇಗೆ ಚಿತ್ರಶಾಲೆಯಾಯಿತೆಂಬುದನ್ನು ನಾವು ಉತ್ಸಾಹದಿಂದ ವರ್ಣಿಸುತ್ತಿದ್ದೆವು. ಹಿಂದಿನ ಬೆಂಚಿನಿಂದ ಆ ಹುಡುಗ ಎದ್ದು ನಿಂತ.

"ಸರ್, ಆ ಮನೆಯಲ್ಲಿ ಈಗ ಯಾರೂ ವಾಸ ಇಲ್ಲವೇ?"

"ಇಲ್ಲ, ಅಲ್ಲಿ ಚಿತ್ರಗಳಿವೆ."

"ಚಿತ್ರಗಳಿಗೆ ಅಷ್ಟು ದೊಡ್ಡ ಮನೆಯೇ? ನಾವು ಏಳು ಜನ ಒಂದೇ ಖೋಲಿಯಲ್ಲಿದ್ದೇವೆ, ಸರ್."

ತರಗತಿ ನಕ್ಕಿತು. ಅವನು ನಗಲಿಲ್ಲ, ನಮಗೂ ನಗು ಬರಲಿಲ್ಲ. ಅಷ್ಟರಲ್ಲಿ ಗಂಟೆಯಾಯಿತು, ಉತ್ತರ ಕೊಡದೆಯೇ ಹೊರಗೆ ಬಂದೆವು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಕೊಡಲು ಪ್ರಯತ್ನಿಸುತ್ತೇವೆ. ಪ್ರಶ್ನೆ ಅವನೊಬ್ಬನದಲ್ಲ. ನಮ್ಮ ಶಾಲೆಯ ಬಹುಮಂದಿ ಮಕ್ಕಳ ಮನಸ್ಸಿನಲ್ಲಿ ಅದು ಇರಬಹುದು. ಕೇಳುವ ಧೈರ್ಯ ಅವನಿಗೆ ಬಂದಿತು, ಅಷ್ಟೇ.

ಮೊದಲು ಆ ಮನೆಯ ಕಥೆಯನ್ನು ಸರಿಯಾಗಿ ತಿಳಿದುಕೊಳ್ಳೋಣ. ಬೆಂಗಳೂರಿನ ವಸಂತನಗರದ ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಮ್ಯಾನ್ಶನ್ ಎಂಬ ಸೌಧವಿದೆ. ಕಂಬಗಳ ಸಾಲು, ಅಗಲವಾದ ಪಡಸಾಲೆ, ಎತ್ತರದ ಮಾಳಿಗೆ, ಸುತ್ತಲೂ ಹಳೆಯ ಮರಗಳು. ಒಟ್ಟು ಆವರಣ ಸುಮಾರು ಮೂರೂವರೆ ಎಕರೆ. ಗಣಿಯ ವ್ಯವಹಾರದಿಂದ ಐಶ್ವರ್ಯವಂತರಾದ ಮಾಣಿಕ್ಯವೇಲು ಮೊದಲಿಯಾರರ ಹೆಸರು ಅದಕ್ಕೆ ನಿಂತಿದೆ. ಅವರು ಹುಟ್ಟು ಶ್ರೀಮಂತರಲ್ಲ. ಮ್ಯಾಂಗನೀಸ್ ಗಣಿಗಳಿಂದ ಅವರಿಗೆ ಹಣ ಬಂದಿತು. ಮ್ಯಾಂಗನೀಸ್ ಎಂದರೆ ಉಕ್ಕಿಗೆ ಗಡಸುತನವನ್ನು ಕೊಡತಕ್ಕ ಲೋಹವೆಂದು ನೀವು ವಿಜ್ಞಾನದ ಪುಸ್ತಕದಲ್ಲಿ ಓದಿದ್ದೀರಿ. ಆ ಕಾಲದ ಬೆಂಗಳೂರಿನಲ್ಲಿ ಅರಮನೆಯ ಸಮೀಪದಲ್ಲಿ ವಾಸಿಸುವುದು ದೊಡ್ಡಸ್ತಿಕೆಯ ಗುರುತಾಗಿತ್ತು. ಆದರೆ ಸಿರಿ ಎಂಬುದು ಒಂದೇ ಮನೆಯಲ್ಲಿ ನೆಲೆನಿಲ್ಲುವುದಲ್ಲ. ಕಾಲಕ್ರಮದಲ್ಲಿ ಸ್ಥಿತಿ ಇಳಿಯಿತು. ಮನೆ ಕೈಬಿಟ್ಟುಹೋಗಿ ಸರ್ಕಾರದ ಸಂಸ್ಥೆಗಳ ವಶವಾಯಿತು. ಕಡೆಗೆ ಕೇಂದ್ರ ಸರ್ಕಾರದ ಸಂಸ್ಕೃತಿ ಇಲಾಖೆ ಅದನ್ನು ಕಲೆಗಾಗಿ ಪಡೆದುಕೊಂಡಿತು. ಹಳೆಯ ಕಟ್ಟಡವನ್ನು ಕೆಡವದೆ ಜೀರ್ಣೋದ್ಧಾರ ಮಾಡಿ, ಹಿಂದೆ ಒಂದು ಹೊಸ ಕಟ್ಟಡವನ್ನು ಕೂಡಿಸಿ, 2009ನೆಯ ಇಸವಿ ಫೆಬ್ರವರಿ 18ರಂದು ಸಾರ್ವಜನಿಕರಿಗೆ ತೆರೆದರು. ಮೊದಲಿಗೆ ಸುಮಾರು 500 ಕೃತಿಗಳು ಅಲ್ಲಿ ಪ್ರದರ್ಶನಗೊಂಡವು. ದಿಲ್ಲಿ, ಮುಂಬಯಿಗಳ ಅನಂತರ ಇದು ನಮ್ಮ ದೇಶದ ಮೂರನೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ.

ಹೀಗೆ ಹೆರವರ ಮನೆಯನ್ನು ನಾಡಿನ ಮನೆಯನ್ನಾಗಿ ಮಾಡಿದ್ದು ಇದೇ ಮೊದಲಲ್ಲ. ದಿಲ್ಲಿಯ ಸಂಗ್ರಹಾಲಯವಿರುವುದು ಜಯಪುರದ ಮಹಾರಾಜರು ರಾಜಧಾನಿಗೆ ಬಂದಾಗ ಇಳಿದುಕೊಳ್ಳಲೆಂದು 1936ರಲ್ಲಿ ಕಟ್ಟಿಸಿದ ಜಯಪುರ ಹೌಸಿನಲ್ಲಿ. ಸ್ವಾತಂತ್ರ್ಯ ಬಂದು ಏಳು ವರ್ಷಗಳೊಳಗಾಗಿ, 1954ರಲ್ಲಿ, ಅದು ಚಿತ್ರಶಾಲೆಯಾಯಿತು. ಮೈಸೂರಿನ ಜಗನ್ಮೋಹನ ಅರಮನೆಯಂತೂ ಇನ್ನೂ ಹಿಂದೆಯೇ ದಾರಿ ತೋರಿಸಿತ್ತು. 1861ರಲ್ಲಿ ಕಟ್ಟಿದ ಆ ಅರಮನೆ 1915ರಲ್ಲಿಯೇ ಕಲಾಮಂದಿರವಾಯಿತು. ನಮ್ಮ ಮುಂಬಯಿಯ ಸಂಗ್ರಹಾಲಯ ಮಾತ್ರ ಯಾರ ವಾಸದ ಮನೆಯೂ ಆಗಿರಲಿಲ್ಲ. ಅದು 1911ರಲ್ಲಿ ಪೂರ್ಣಗೊಂಡ ಸರ್ ಕಾವಸಜೀ ಜಹಾಂಗೀರ್ ಸಾರ್ವಜನಿಕ ಸಭಾಗೃಹ. ಸಂಗೀತ ಕಚೇರಿಗಳು, ಸಭೆಗಳು, ಭಾಷಣಗಳು ಅಲ್ಲಿ ನಡೆದವು. ಬಳಿಕ ಅದಕ್ಕೆ ಇಳಿಗಾಲ ಬಂದು, ಸಾಮಾನು ಮಾರಾಟದ ಮಳಿಗೆಯಾಗಿಯೂ ಮದುವೆಯ ಚಪ್ಪರವಾಗಿಯೂ ದಿನ ಕಳೆಯಿತು. ಪಿಲೂ ಪೋಚಖಾನವಾಲಾ ಎಂಬ ಶಿಲ್ಪಿಯೂ ಅವರ ಜೊತೆಗಾರರೂ 1984ರಲ್ಲಿ ಇದನ್ನು ಕಲೆಗೆ ಮೀಸಲಿಡಿರೆಂದು ಪಟ್ಟು ಹಿಡಿದರು. ಬಾಗಿಲು ತೆರೆದದ್ದು ಹನ್ನೆರಡು ವರ್ಷಗಳ ಮೇಲೆ, 1996ರ ಡಿಸೆಂಬರಿನಲ್ಲಿ. ಆ ತಾಯಿ 1986ರಲ್ಲಿಯೇ ತೀರಿಕೊಂಡಿದ್ದರು. ಮರ ನೆಟ್ಟವರು ಹಣ್ಣು ತಿನ್ನಲಿಲ್ಲ, ತಿನ್ನಬೇಕಾದವರು ನಾವು.

ಇನ್ನು ನಮ್ಮ ಸ್ವಂತ ಅನುಭವವನ್ನು ಹೇಳುವುದಾದರೆ, ಅದು ಹೆಮ್ಮೆಪಡತಕ್ಕದ್ದಲ್ಲ. ವಿಜಯಪುರ ಜಿಲ್ಲೆಯ ಒಂದು ಹಳ್ಳಿ ನಮ್ಮ ಊರು. ಊರ ನಡುವೆ ದೇಸಗತಿಯ ವಾಡೆಯೊಂದಿತ್ತು. ಅದರ ಅಗಸಿ ಬಾಗಿಲು ಆನೆ ಹೋಗುವಷ್ಟು ಎತ್ತರ. ಹುಡುಗರಾದ ನಾವು ಅದರ ಮುಂದೆ ಗೋಲಿ ಆಡಿದ್ದೇವೆ, ನೆರಳಿನಲ್ಲಿ ಕುಳಿತಿದ್ದೇವೆ, ಒಳಗೆ ಮಾತ್ರ ಕಾಲಿಟ್ಟಿಲ್ಲ. ಒಳಗೆ ಏನಿದೆ ಎಂದು ಕೇಳಿದರೆ 'ದೊಡ್ಡವರ ಮನೆ, ನಮಗ್ಯಾಕ' ಎಂದು ನಮ್ಮ ಅಜ್ಜಿ ಬಾಯಿ ಮುಚ್ಚಿಸುತ್ತಿದ್ದಳು. ದೇಸಾಯರ ವಂಶದವರು ಊರು ಬಿಟ್ಟರು. ಮಾಳಿಗೆ ಕುಸಿಯಿತು, ಜಾಲಿ ಬೆಳೆಯಿತು. ರಾತ್ರಿ ಹೊತ್ತು ಜನರು ಕಲ್ಲು ಹೊತ್ತುಕೊಂಡು ಹೋಗಿ ತಮ್ಮ ತಮ್ಮ ಹಿತ್ತಲಿನ ಗೋಡೆಗೆ ಹಚ್ಚಿಕೊಂಡರು. ಇಂದು ಅಗಸಿಯೊಂದೇ ನಿಂತಿದೆ. ಬಾಗಿಲಿದೆ, ಒಳಗೆ ಹೋಗಲು ಮನೆಯಿಲ್ಲ.

ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಹೊಟ್ಟೆಪಾಡಿಗೆ ಮುಂಬಯಿಗೆ ಬಂದು, ಮುಂದೆ ಓದಿ ಮಾಸ್ತರಿಕೆಗೆ ಸೇರಿದ ನಾವು ಕೆಲವು ವರ್ಷಗಳ ಹಿಂದೆ ಒಂದು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆವು. ಮಧ್ಯಾಹ್ನ ಬಿಡುವಾಯಿತು. ಅರಮನೆ ರಸ್ತೆಯಲ್ಲಿ ನಡೆದು ಬರುತ್ತಿದ್ದಾಗ ಮಾಣಿಕ್ಯವೇಲು ಸೌಧದ ಮುಂದೆ ಬಂದು ನಿಂತೆವು. ಒಳಗೆ ಮರಗಳ ನೆರಳು, ಶುಭ್ರವಾದ ಕಂಬಗಳು. ನಮ್ಮ ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ಬಿಡುವರೋ ಇಲ್ಲವೋ ಎಂದು ಹತ್ತು ನಿಮಿಷ ಬೀದಿಯ ಆಚೆ ಬದಿಯಲ್ಲಿ ನಿಂತುಕೊಂಡೆವು. ಒಮ್ಮೆ ಮುಂದೆ ಹೋಗಿಯೂ ಬಿಟ್ಟೆವು. ಆಮೇಲೆ ನಾಚಿಕೆಯಾಗಿ ಹಿಂದಿರುಗಿ ಬಂದೆವು. ಬಾಗಿಲಿನವನು ನಮ್ಮನ್ನು ತಡೆಯಲಿಲ್ಲ, 'ಚೀಲ ಅಲ್ಲಿ ಇಡಿ, ಚೀಟಿ ಇಲ್ಲಿ ತಗೊಳ್ಳಿ' ಎಂದನಷ್ಟೆ. ಅಚ್ಚಕನ್ನಡದಲ್ಲಿಯೇ ಅಂದ! ಆ ಹತ್ತು ನಿಮಿಷ ನಮ್ಮನ್ನು ತಡೆದವರು ಯಾರು? ಯಾರೂ ಅಲ್ಲ, ನಮ್ಮೊಳಗೇ ಕುಳಿತಿದ್ದ ಅಜ್ಜಿಯ ಮಾತು. ಕಾನೂನು ಬಾಗಿಲನ್ನು ತೆರೆದಿದ್ದರೂ ಮನಸ್ಸು ಅದನ್ನು ಮುಚ್ಚಿಕೊಂಡಿರಬಹುದು.

ಒಳಗೆ ಕಂಡದ್ದನ್ನೆಲ್ಲ ಬರೆಯಲು ಹೋದರೆ ಈ ಸಂಚಿಕೆ ಸಾಲದು. ರಾಜಾ ರವಿವರ್ಮ, ಅವನೀಂದ್ರನಾಥ ಠಾಕೂರ್, ನಂದಲಾಲ ಬಸು, ಜಾಮಿನಿ ರಾಯ್, ಅಮೃತಾ ಶೇರಗಿಲ್ ಮುಂತಾದವರ ಕೈಬರಹ ಆ ಸಂಗ್ರಹದಲ್ಲಿದೆ. ರವಿವರ್ಮನ ಹೆಸರು ಕೇಳಿದೊಡನೆ ನಮಗೆ ನಮ್ಮ ಊರಿನ ದೇವರ ಕೋಣೆ ನೆನಪಾಯಿತು. ಅಲ್ಲಿದ್ದ ಲಕ್ಷ್ಮಿ ಸರಸ್ವತಿಯರ ಪಟಗಳು ಅವನ ಚಿತ್ರಗಳ ಅಚ್ಚುಗಳೇ. ಅವುಗಳನ್ನು ಮನೆಮನೆಗೆ ತಲುಪಿಸಿದ ಶಿಲಾಮುದ್ರಣಾಲಯ 1894ರಲ್ಲಿ ಆರಂಭವಾದದ್ದು ಇದೇ ಮುಂಬಯಿಯ ಗಿರಗಾಂವದಲ್ಲಿ, ನಮ್ಮ ಗ್ರಾಂಟ್ ರೋಡಿನಿಂದ ಕಾಲ್ನಡಿಗೆಯ ದಾರಿ. ಬಡವನ ಗೋಡೆಗೂ ಒಂದು ಚಿತ್ರ ಬೇಕು ಎಂಬುದನ್ನು ಆ ಯಂತ್ರ ನೂರ ಮೂವತ್ತು ವರ್ಷಗಳ ಹಿಂದೆಯೇ ತಿಳಿದಿತ್ತು.

ಕನ್ನಡಿಗರಾದ ನಾವು ಮರೆಯಬಾರದ ಇನ್ನೊಂದು ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರದು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹುಡುಗ ಚಿತ್ರ ಬರೆಯುವ ಹುಚ್ಚಿನಿಂದ ಮುಂಬಯಿಗೆ ಬಂದ. ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತ, ಅಲ್ಲಿಯೇ ಕೆಲವು ಕಾಲ ಅಧ್ಯಾಪಕನೂ ಆದ. ಪ್ಯಾರಿಸ್ಸಿಗೆ ಹೋಗಿ ಬಂದರೂ ಕರಾವಳಿಯ ಹಳ್ಳಿಯನ್ನು, ಅಲ್ಲಿಯ ದುಡಿಯುವ ಜನರನ್ನು, ಕುಣಿತವನ್ನು ಕುಂಚದಿಂದ ಬಿಡಲಿಲ್ಲ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವಗಳು ಅವರಿಗೆ ಸಂದವು. ಮುಂಬಯಿಯ ಸಂಗ್ರಹಾಲಯ ತೆರೆದ 1996ರಲ್ಲಿಯೇ, ಅದು ತೆರೆಯುವುದಕ್ಕೆ ಕೆಲವು ತಿಂಗಳು ಮುಂಚೆ, ಇದೇ ನಗರದಲ್ಲಿ ಅವರು ಕಣ್ಮುಚ್ಚಿದರು. ನೀವೆಲ್ಲ ಊರು ಬಿಟ್ಟು ಬಂದವರ ಮಕ್ಕಳು. ಹೆಬ್ಬಾರರೂ ಊರು ಬಿಟ್ಟು ಬಂದವರೇ. ರಾಷ್ಟ್ರದ ಸಂಗ್ರಹದಲ್ಲಿ ಅವರ ಚಿತ್ರಗಳಿಗೆ ಸ್ಥಾನವಿರುವಾಗ ಆ ಮನೆ ನಮ್ಮದಲ್ಲವೆಂದು ಹೇಗೆ ಹೇಳೋಣ?

ಇದಕ್ಕೆ ಪ್ರತಿಯಾಗಿ ಮುಂಬಯಿ ಮೈಸೂರಿಗೆ ಒಂದು ಕಾಣಿಕೆ ಕೊಟ್ಟಿದೆ. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯಿಂದ ಗಾಳಿಗೆ ಮರೆಮಾಡಿ ನಿಂತ ಹೆಂಗಸಿನ ಚಿತ್ರವನ್ನು ನೀವು ಪಂಚಾಂಗದ ಮೇಲೋ ಅಂಗಡಿಯ ಗೋಡೆಯ ಮೇಲೋ ನೋಡಿಯೇ ಇರುತ್ತೀರಿ. ಅನೇಕರು ಅದನ್ನು ರವಿವರ್ಮನದೆಂದು ತಪ್ಪು ತಿಳಿಯುವುದುಂಟು. ವಸ್ತುತಃ ಅದು ಇದೇ ಮುಂಬಯಿಯ ಕಲಾಶಾಲೆಯಲ್ಲಿ ಕಲಿತ ಎಸ್. ಎಲ್. ಹಳದಣಕರ ಅವರು ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಜಲವರ್ಣದಲ್ಲಿ ಬರೆದ ಚಿತ್ರ. ಅದಿರುವುದು ಜಗನ್ಮೋಹನ ಅರಮನೆಯಲ್ಲಿ. ನೆರಳು ಬೆಳಕಿನ ಆ ಸೊಬಗನ್ನು ನೋಡಲು ಜನರು ಇಂದಿಗೂ ಮೈಸೂರಿಗೆ ಹೋಗುತ್ತಾರೆ. ಉಡುಪಿಯ ಕುಂಚ ಮುಂಬಯಿಯಲ್ಲಿ, ಮುಂಬಯಿಯ ದೀಪ ಮೈಸೂರಿನಲ್ಲಿ. ಕಲೆಗೆ ಗಡಿಯ ತಂಟೆಯಿಲ್ಲ.

ಇಷ್ಟು ಹೇಳಿದರೂ ಹುಡುಗನ ಪ್ರಶ್ನೆ ಹಾಗೆಯೇ ಉಳಿದಿದೆ. ಅದನ್ನು ಈಗ ನೇರವಾಗಿ ಎದುರಿಸೋಣ. ಅವನ ಪರವಾಗಿ ನಾವೇ ಲೆಕ್ಕ ಮಾಡುತ್ತೇವೆ. ಒಂದು ಎಕರೆಗೆ 43,560 ಚದರ ಅಡಿ. ಮೂರೂವರೆ ಎಕರೆಗೆ 1,52,460. ಅವನಿರುವಂಥ ಖೋಲಿ ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು ಅಡಿಯದು ಎಂದಿಟ್ಟುಕೊಂಡರೆ, ಆ ಆವರಣದಲ್ಲಿ ಮಾಳಿಗೆಯಿಲ್ಲದೆಯೇ 1,500 ಖೋಲಿಗಳನ್ನು ಹಾಕಬಹುದು. ಚಿತ್ರವು ಮಳೆಯಲ್ಲಿ ನೆನೆಯಬಾರದು, ಸೆಕೆಗೆ ಸುಕ್ಕಾಗಬಾರದು ಎಂದು ಸರ್ಕಾರ ಕಾಳಜಿ ವಹಿಸುತ್ತದೆ. ಮನುಷ್ಯ ಮಳೆಯಲ್ಲಿ ನೆನೆಯುತ್ತಾನೆ. ಈ ಮಾತಿನಲ್ಲಿ ನ್ಯಾಯವಿದೆ. ಇದನ್ನು ಅಲ್ಲಗಳೆಯುವವನು ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಗಳ ಮನೆಗಳಿಗೆ ಒಮ್ಮೆ ಬಂದು ನೋಡಲಿ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಆ ಸೌಧವು ಚಿತ್ರಶಾಲೆಯಾಗದೆ ಹೋಗಿದ್ದರೆ ಏನಾಗುತ್ತಿತ್ತು? ಅದರ ಉತ್ತರ ಗ್ರಾಂಟ್ ರೋಡಿನಲ್ಲಿಯೇ ಇದೆ. ಸ್ಟೇಶನ್ನಿನ ಸೇತುವೆಯ ಮೇಲೆ ನಿಂತು ಸುತ್ತಲೂ ನೋಡಿರಿ. ಹಳೆಯ ಕಟ್ಟಡ ಉರುಳಿದ ಕಡೆಯಲ್ಲೆಲ್ಲ ಎದ್ದಿರುವುದು ಯಾರ ಮನೆಗಳು? ಹದಿನೈದು, ಇಪ್ಪತ್ತು, ಮೂವತ್ತು ಅಂತಸ್ತಿನ ಆ ಗೋಪುರಗಳ ಕಿಟಕಿಗಳಿಂದ ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನ ಕೆಳಗೆ ಇಣಿಕಿ ನೋಡುತ್ತಾರೆ? ಅರಮನೆ ರಸ್ತೆಯ ಮೂರೂವರೆ ಎಕರೆ ಬಿಕರಿಯಾಗಿದ್ದರೂ ಅಲ್ಲಿ 1,500 ಖೋಲಿಗಳು ಏಳುತ್ತಿರಲಿಲ್ಲ. ಇನ್ನೊಂದು ಎತ್ತರದ ಗೋಡೆ, ಇನ್ನೊಂದು ಮುಚ್ಚಿದ ಬಾಗಿಲು ಏಳುತ್ತಿತ್ತು. ಸಿರಿವಂತನ ಮನೆ ಬಡವನಿಗೆ ದೊರೆಯುವ ಮಾರ್ಗಗಳು ಬಹಳವಿಲ್ಲ. ಎಲ್ಲರದಾಗುವುದು ಅವುಗಳಲ್ಲಿ ಒಂದು. ಇಂದು ಆ ಪಡಸಾಲೆಯಲ್ಲಿ ನಮ್ಮ ಹುಡುಗನು ಸಂಜೆಯವರೆಗೆ ಕುಳಿತರೂ 'ಏಳು' ಎನ್ನುವವರಿಲ್ಲ. ಮೊದಲಿಯಾರರ ಕಾಲದಲ್ಲಿ ಹಾಗಿರಲಿಲ್ಲ. ಮಾರಾಟವಾಗಿದ್ದರೆ ಎಂದೆಂದಿಗೂ ಹಾಗಾಗುತ್ತಿರಲಿಲ್ಲ.

ಎರಡನೆಯದಾಗಿ, ಚಿತ್ರಶಾಲೆ ಯಾರಿಗೆ ಹೆಚ್ಚು ಬೇಕು? ಹತ್ತು ಕೋಣೆಗಳಿದ್ದವನು ಚಿತ್ರವನ್ನು ಕೊಂಡು ತನ್ನ ಗೋಡೆಗೆ ತೂಗುಹಾಕಿಕೊಳ್ಳಬಲ್ಲ. ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಬಾಗಿಲು, ಒಂದಕ್ಕೆ ಮೋರಿ, ಒಂದಕ್ಕೆ ಪಾತ್ರೆಗಳ ಹಲಗೆ, ಒಂದಕ್ಕೆ ಮಡಚಿಟ್ಟ ಹಾಸಿಗೆಗಳು ಇರುವವನಿಗೆ ಚಿತ್ರ ಹಾಕಲು ಗೋಡೆ ಎಲ್ಲಿದೆ? ಅಂಥವನಿಗಾಗಿಯೇ ನಾಡು ಒಂದು ಗೋಡೆಯನ್ನು ಇಟ್ಟುಕೊಂಡಿರಬೇಕು. ಓದಲು ಜಾಗವಿಲ್ಲದವನಿಗೆ ಗ್ರಂಥಾಲಯ, ಆಡಲು ಅಂಗಳವಿಲ್ಲದವನಿಗೆ ಮೈದಾನ, ಹಾಗೆಯೇ ಇದು. ಮನೆಯಿಲ್ಲದವನಿಗೆ ಮನೆ ಕೊಡಿರೆಂದು ನಾವು ಕೇಳಲೇಬೇಕು, ಗಟ್ಟಿಯಾಗಿ ಕೇಳಬೇಕು. ಆದರೆ ಅದನ್ನು ಚಿತ್ರದ ಗೋಡೆ ಕೆಡವಿ ಕೊಡಿರೆಂದು ಕೇಳುವುದು ತಪ್ಪು. ಬಡವನಿಗೆ ಸೂರು ಬೇಕು, ಸೊಬಗು ಬೇಡ ಎಂದು ನಿರ್ಣಯಿಸುವ ಅಧಿಕಾರವನ್ನು ಯಾರಿಗೂ ಕೊಡಬಾರದು.

ಮೂರನೆಯ ಮಾತು ನಮ್ಮ ಬುಡಕ್ಕೇ ಬರುತ್ತದೆ. ಇಷ್ಟು ಜಾಗಕ್ಕೆ ಇಷ್ಟು ಜನ ಎಂಬ ಲೆಕ್ಕವನ್ನು ಒಮ್ಮೆ ಒಪ್ಪಿಕೊಂಡೆವೆಂದರೆ, ಅದೇ ಲೆಕ್ಕದ ಪಟ್ಟಿ ನಾಳೆ ನಮ್ಮ ಶಾಲೆಯ ಬಾಗಿಲಿಗೂ ಬರುತ್ತದೆ. ನಾಳೆಯೇನು, ಇಂದೇ ಬಂದಿದೆ. ಮುಂಬಯಿಯ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ತಲೆಮಾರು ತನ್ನ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿತು. ಅದನ್ನು ಅಪರಾಧವೆನ್ನಲಾರೆವು, ಹೊಟ್ಟೆಯ ಪ್ರಶ್ನೆ ಎಲ್ಲಕ್ಕೂ ದೊಡ್ಡದು. ಆದರೆ 'ಇಷ್ಟೇ ಮಕ್ಕಳಿಗೆ ಇಷ್ಟು ಕೋಣೆಗಳೇಕೆ? ಈ ಜಾಗದ ಬೆಲೆ ಗೊತ್ತೇ?' ಎಂದು ಕೇಳುವವರು ಇದ್ದಾರೆ. ಅವರ ಲೆಕ್ಕಕ್ಕೂ ನಮ್ಮ ಹುಡುಗನ ಲೆಕ್ಕಕ್ಕೂ ಗುಣಾಕಾರದಲ್ಲಿ ವ್ಯತ್ಯಾಸವಿಲ್ಲ. ಅವನು ನೋವಿನಿಂದ ಕೇಳಿದ, ಅವರು ಲಾಭಕ್ಕಾಗಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಚದರ ಅಡಿಯಿಂದ ಎಲ್ಲವನ್ನೂ ಅಳೆಯುವ ನಗರದಲ್ಲಿ ಮೊದಲು ಮುಚ್ಚುವುದು ಬಡವರ ಶಾಲೆ, ಚಿತ್ರಶಾಲೆಯಲ್ಲ.

ಕಟ್ಟಡ ಹೋದರೆ ಏನೆಲ್ಲ ಹೋಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1835ರಿಂದ 1838ರ ವರೆಗೆ ಮುಂಬಯಿಯ ಗವರ್ನರರಾಗಿದ್ದ ಸರ್ ರಾಬರ್ಟ್ ಗ್ರಾಂಟರ ಹೆಸರು ಹೊತ್ತ ನಮ್ಮ ಈ ರಸ್ತೆಯಲ್ಲಿ 1846ರಲ್ಲಿ ಒಂದು ನಾಟಕಶಾಲೆ ತೆರೆಯಿತು. ಮರಾಠಿ ರಂಗಭೂಮಿಯ ಆದ್ಯರಾದ ವಿಷ್ಣುದಾಸ ಭಾವೆಯವರು 1853ರಲ್ಲಿ ಅಲ್ಲಿ ಆಟ ಆಡಿದರು. ಅವರಿಗೆ ನಾಟಕ ಕಟ್ಟುವ ಪ್ರೇರಣೆ ಎಲ್ಲಿಂದ ಬಂದಿತು ಬಲ್ಲಿರಾ? ಸಾಂಗಲಿಗೆ ಬಂದಿದ್ದ ಉತ್ತರ ಕನ್ನಡದ ಭಾಗವತ ಮೇಳದ ಆಟದಿಂದ! ಕನ್ನಡ ನಾಡಿನ ಬಯಲಾಟದ ಒಂದು ಕಿಡಿ ಈ ಗ್ರಾಂಟ್ ರೋಡಿನ ವರೆಗೆ ಬಂದು ಬೆಳಗಿತ್ತು. ಆ ನಾಟಕಶಾಲೆ ಇಂದು ಇಲ್ಲ. ಇದ್ದಿದ್ದರೆ ನಿಮ್ಮನ್ನು ಕರೆದುಕೊಂಡು ಹೋಗಿ 'ಇಲ್ಲಿಯೇ' ಎಂದು ತೋರಿಸುತ್ತಿದ್ದೆವು. ಈಗ ಬರಿಯ ಮಾತಿನಲ್ಲಿ ಹೇಳಬೇಕಾಗಿದೆ. ಅರ್ಧ ಮಂದಿ ನಂಬುವುದೂ ಇಲ್ಲ.

ಉಳಿದುಕೊಂಡ ಮನೆಯ ಉದಾಹರಣೆಯೂ ನಮ್ಮ ಪಕ್ಕದಲ್ಲಿಯೇ ಇದೆ. ಗಾಂವದೇವಿಯ ಲ್ಯಾಬರ್ನಮ್ ರಸ್ತೆಯ ಮಣಿಭವನ ರೇವಾಶಂಕರ ಜಗಜೀವನ ಝವೇರಿಯವರ ಮನೆ. 1917ರಿಂದ 1934ರ ವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗಲೆಲ್ಲ ತಂಗುತ್ತಿದ್ದುದು ಅಲ್ಲಿ. ಕೆಳಗಿನ ಬೀದಿಯಲ್ಲಿ ಬಿಲ್ಲು ಹಿಡಿದುಕೊಂಡು ಹೋಗುತ್ತಿದ್ದ ಹತ್ತಿ ಹಿಂಜುವವನನ್ನು ಮೇಲಕ್ಕೆ ಕರೆಸಿ ಅರಳೆ ಹಿಂಜುವುದನ್ನು ಗಾಂಧೀಜಿ ಕಲಿತರು. 1932ರ ಜನವರಿ 4ರ ನಸುಕಿನಲ್ಲಿ ಪೋಲೀಸರು ಅವರನ್ನು ಬಂಧಿಸಿದ್ದು ಅದರ ಮಾಳಿಗೆಯ ಮೇಲಿನಿಂದ. 1955ರಲ್ಲಿ ಅದು ಸ್ಮಾರಕವಾಯಿತು. ಅವರ ಕೋಣೆಯನ್ನು ಅವರಿದ್ದಂತೆಯೇ ಇಟ್ಟಿದ್ದಾರೆ: ಹಾಸಿಗೆ, ಚರಕ, ಕೆಳಗೆ ಕುಳಿತು ಬರೆಯುವ ಮೇಜು. ಮಣಿಭವನದಲ್ಲಿ ಮನೆಯೇ ವಸ್ತು; ಮಾಣಿಕ್ಯವೇಲು ಸೌಧದಲ್ಲಿ ಮನೆ ಬೇರೆಯವರ ವಸ್ತುಗಳಿಗೆ ಆಸರೆ. ಎರಡೂ ಬೇಕು. ಆದರೆ ಎರಡನೆಯ ಬಗೆಯ ಮನೆಗೆ ಒಂದು ಋಣ ಉಳಿದಿರುತ್ತದೆ. ಅದರ ಒಂದು ಮೂಲೆಯಾದರೂ ಆ ಮನೆಯ ಕಥೆಯನ್ನೇ ಹೇಳಬೇಕು. ಯಜಮಾನನ ಕಥೆಯನ್ನಷ್ಟೇ ಹೇಳಿದರೆ ಸಾಲದು. ನೆಲದಡಿಯಿಂದ ಅದಿರು ತೆಗೆದು ಹೊತ್ತವರು, ಗಾರೆ ಕಲಸಿದವರು, ಹಿತ್ತಲ ಬಾಗಿಲಿನಿಂದ ಬಂದು ಅಡುಗೆ ಮಾಡಿ ಹಿತ್ತಲ ಬಾಗಿಲಿನಿಂದಲೇ ಹೋದವರು ಇವರಿಗೂ ಆ ಗೋಡೆಯ ಮೇಲೆ ಒಂದು ಸಾಲು ಸಲ್ಲಬೇಕು.

ಹಾಗೆಯೇ ಇಂಥ ಮನೆಗಳನ್ನು ನಡೆಸುವವರಿಗೂ ಕೆಲವು ಕರ್ತವ್ಯಗಳಿವೆ. ಮೂರೂವರೆ ಎಕರೆಯನ್ನು ಜನರ ಹೆಸರಿನಲ್ಲಿ ಇಟ್ಟುಕೊಂಡವರು ಜನರು ಬರುವಂತೆಯೂ ಮಾಡಬೇಕು. ಚಿತ್ರದ ಪಕ್ಕದಲ್ಲಿ ಬರೆದಿಡುವ ವಿವರಣೆ ಆ ಊರಿನ ಭಾಷೆಯಲ್ಲಿಯೂ ಇರಬೇಕು. ಅದು ಹೆಸರು ಮತ್ತು ಇಸವಿಯನ್ನು ಮಾತ್ರ ಹೇಳದೆ, ಏಳನೆಯ ಇಯತ್ತೆಯ ಮಗುವಿಗೆ ತಿಳಿಯುವಂತೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ದುಡಿಯುವವರಿಗೆ ಬಿಡುವಿರುವುದು ಸಂಜೆಯ ಹೊತ್ತು ಮತ್ತು ರವಿವಾರ. ಅಂದು ಬಾಗಿಲು ಹೆಚ್ಚು ಹೊತ್ತು ತೆರೆದಿರಬೇಕು. ಊರೂರಿನ ಶಾಲೆಗಳಿಗೆ ಕರೆಯೋಲೆ ಹೋಗಬೇಕು. ಇಷ್ಟನ್ನು ಮಾಡಿದಾಗ ಮಾತ್ರ ನಮ್ಮ ಹುಡುಗನ ಲೆಕ್ಕಕ್ಕೆ ಅವರು ಮುಖವೆತ್ತಿ ಉತ್ತರ ಹೇಳಬಲ್ಲರು.

ಇನ್ನು ನಮ್ಮ ಕರ್ತವ್ಯ. ಯಾರೂ ಬಾರದ ಚಿತ್ರಶಾಲೆಯನ್ನು ಮುಚ್ಚುವುದು ಸುಲಭ. ಯಾರೂ ಓದದ ಶಾಲೆಯನ್ನು ಮುಚ್ಚುವುದು ಇನ್ನೂ ಸುಲಭ. ಸಾರ್ವಜನಿಕ ವಸ್ತುವಿನ ಹಕ್ಕುಪತ್ರ ಕಚೇರಿಯ ಕಪಾಟಿನಲ್ಲಿಲ್ಲ, ಅದನ್ನು ಬಳಸುವವರ ಕಾಲಿನಲ್ಲಿದೆ. ನಮ್ಮ ವಾಡೆಯ ಕಲ್ಲುಗಳನ್ನು ಊರವರು ಹೊತ್ತೊಯ್ದದ್ದೇಕೆ? ಅದು ತಮ್ಮದೆಂದು ಅವರಿಗೆ ಎಂದೂ ಅನಿಸಿರಲಿಲ್ಲ. ತಮ್ಮದಲ್ಲದ್ದನ್ನು ಜನರು ಕಾಯುವುದಿಲ್ಲ. ಆದುದರಿಂದ 'ಅದು ದೊಡ್ಡವರ ಮನೆ, ನಮಗೇಕೆ' ಎಂಬ ಅಜ್ಜಿಯ ಮಾತನ್ನು ಅಜ್ಜಿಯ ಕಾಲಕ್ಕೇ ಬಿಟ್ಟು, ಬಾಗಿಲು ದಾಟುವ ಅಭ್ಯಾಸವನ್ನು ಈ ವಯಸ್ಸಿನಲ್ಲಿಯೇ ಮಾಡಿಕೊಳ್ಳತಕ್ಕದ್ದು.

ದೇಶ ಸುತ್ತು, ಕೋಶ ಓದು ಎಂಬ ಮಾತನ್ನು ನೀವು ನಿಬಂಧಗಳಲ್ಲಿ ಬರೆಯುತ್ತೀರಿ. ಈ ವರ್ಷ ಅದನ್ನು ಆಚರಣೆಗೆ ತರೋಣ. ಮಣಿಭವನಕ್ಕೆ ಗಾಡಿಯ ಖರ್ಚಿಲ್ಲ. ನಾನಾ ಚೌಕದ ಮೇಲೆ ನಡೆದರೆ ಸಾಕು. ಕಾವಸಜೀ ಜಹಾಂಗೀರ್ ಸಭಾಗೃಹಕ್ಕೆ ಲೋಕಲ್ ಗಾಡಿಯಲ್ಲಿ ಚರ್ಚ್‌ಗೇಟಿಗೆ ಹೋಗಿ ಅಲ್ಲಿಂದ ನಡೆಯಬಹುದು. ಸೋಮವಾರ ಮಾತ್ರ ಅದಕ್ಕೆ ರಜೆ. ಮೇ ತಿಂಗಳ ಸೂಟಿಯಲ್ಲಿ ಬೆಂಗಳೂರಿನ ನಂಟರ ಮನೆಗೆ ಹೋಗುವವರು ಅರಮನೆ ರಸ್ತೆಗೂ ಹೋಗಿಬರಲಿ. ಎಲ್ಲ ಚಿತ್ರಗಳನ್ನೂ ನೋಡುವ ಅವಸರ ಬೇಡ. ಒಂದೇ ಚಿತ್ರದ ಮುಂದೆ ಕಾಲುಗಂಟೆ ನಿಂತು, ಮನೆಗೆ ಬಂದು ಅದರ ವಿಷಯವಾಗಿ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಬಣ್ಣಗಳಿಗೆ ನಮ್ಮಲ್ಲಿ ಎಷ್ಟು ಹೆಸರುಗಳಿವೆ, ಬೆಳಕಿಗೆ ಎಷ್ಟು ಮಾತುಗಳಿವೆ ಎಂಬುದು ಆಗ ನಿಮಗೇ ತಿಳಿಯುವುದು. ಭಾಷೆಯೂ ಹಿರಿಯರು ಕಟ್ಟಿಟ್ಟ ಮನೆಯೇ. ಅದರೊಳಗೆ ಓಡಾಡುವವರಿದ್ದರೆ ಅದು ಮನೆ. ಇಲ್ಲವಾದರೆ ಅದನ್ನೂ ಒಂದು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಹಚ್ಚುತ್ತಾರೆ. ಚಿತ್ರಗಳಿಗೆ ಸಂಗ್ರಹಾಲಯ ಶೋಭೆ. ಮಾತಿಗೆ ಅದು ಶೋಭೆಯಲ್ಲ.

ಪ್ರಶ್ನೆ ಕೇಳಿದ ಹುಡುಗನಿಗೆ ಕಡೆಯ ಮಾತು. ಮಗು, ನಿನ್ನ ಲೆಕ್ಕ ತಪ್ಪಲ್ಲ. ಏಳು ಜನರಿಗೆ ಒಂದೇ ಖೋಲಿಯೆಂಬುದು ನ್ಯಾಯವಲ್ಲ. ಅದನ್ನು ದೊಡ್ಡವನಾದ ಮೇಲೂ ಮರೆಯಬೇಡ, ಕೇಳುವುದನ್ನು ಬಿಡಬೇಡ. ಆದರೆ ಆ ದೊಡ್ಡ ಮನೆಯೂ ನಿನ್ನದೇ ಎಂಬುದನ್ನು ಅದರ ಜೊತೆಗೆ ಲೆಕ್ಕಕ್ಕೆ ಸೇರಿಸಿಕೊ. ಬರುವ ರಜೆಯ ದಿನ ಬೆಳಿಗ್ಗೆ ನಾವು ನಾನಾ ಚೌಕದ ಮೂಲೆಯಲ್ಲಿ ಕಾಯುತ್ತೇವೆ. ಮೊದಲು ಮಣಿಭವನಕ್ಕೆ ಹೋಗೋಣ. ಬಾಗಿಲಿನಲ್ಲಿ ನೀನು ಮುಂದೆ ಹೋ. ನಾವು ಹಿಂದಿನಿಂದ ಬರುತ್ತೇವೆ.